ಅಜ್ಜಿಯ ಎಡಗಾಲಿನ ಬ್ರೇಕು

ಆ ಕಂಪನಿಗೆ ಇದ್ದದ್ದು ಮೂರು ವಿಮಾನ, ಹಾರುತ್ತಿದ್ದದ್ದು ಒಂದೂವರೆ. ಲೆಕ್ಕದಲ್ಲಿ ತಪ್ಪಿಲ್ಲ. ಅಕ್ಕ ಎಂಬುದು ದಿನವೂ ಹಾರುತ್ತಿತ್ತು. ತಂಗಿ ಎಂಬುದು ವರ್ಷದಲ್ಲಿ ಆರು ತಿಂಗಳು ಹಾರಿ, ಮಿಕ್ಕ ಆರು ತಿಂಗಳು ಎಂಜಿನ್ ಬಿಚ್ಚಿಸಿಕೊಂಡು ಮಲಗಿರುತ್ತಿತ್ತು. ಮೂರನೆಯದು ಅಜ್ಜಿ. ಅಜ್ಜಿಯ ಗಾಲಿಗಳು ನೆಲ ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದವು. ಆದರೂ ಮನೆ ನಡೆಯುತ್ತಿದ್ದದ್ದು ಅಜ್ಜಿಯಿಂದಲೇ ಎಂದು ಅಲ್ಲಿದ್ದವರೆಲ್ಲ ಒಪ್ಪುತ್ತಿದ್ದರು.

ಮೂರನ್ನೂ ಕಂಪನಿಯ ಯಜಮಾನರು ಒಂದೇ ಹರಾಜಿನಲ್ಲಿ ಕೊಂಡಿದ್ದರು. ಸೈನ್ಯಕ್ಕೆ ಬೇಡವಾಗಿ ಬಯಲಿನಲ್ಲಿ ನಿಲ್ಲಿಸಿದ್ದ ಎರಡು ಫ್ಯಾನಿನ, ಹತ್ತೊಂಬತ್ತು ಸೀಟಿನ ವಿಮಾನಗಳು ಅವು. ಸೈನ್ಯದಲ್ಲಿ ಅವನ್ನೇ ಹಾರಿಸಿ ನಿವೃತ್ತರಾಗಿದ್ದ ಯಜಮಾನರನ್ನು ಎಲ್ಲರೂ ಸಾಹೇಬರೆನ್ನುತ್ತಿದ್ದರು. ಇಲ್ಲಿಯೂ ಹಾರಿಸುತ್ತಿದ್ದವರು ಅವರೇ. ಅವರ ವ್ಯಾಪಾರದ ಗುಟ್ಟು ಸರಳವಾಗಿತ್ತು. ಸಾಲ ಮಾಡಿ ಹೊಸ ವಿಮಾನ ತಂದವನು ಅದನ್ನು ಬೆಳಗಿನಿಂದ ಸಂಜೆಯವರೆಗೆ ಹಾರಿಸಲೇಬೇಕು, ಜನ ಬರಲಿ ಬಿಡಲಿ. "ನಮ್ಮವು ನಿಂತ್ರೂ ಅನ್ನ ಕೇಳಲ್ಲ ಕಣಯ್ಯ," ಎನ್ನುತ್ತಿದ್ದರು ಸಾಹೇಬರು. "ಜನ ಇದ್ರೆ ಹಾರ್ತೀವಿ, ಇಲ್ದಿದ್ರೆ ರೆಕ್ಕೆ ಒರೆಸ್ತೀವಿ." ಹೊರಮೈಗೆ ಹೊಸ ಬಣ್ಣ ಹೊಡೆಸೋಣ ಎಂದು ಯಾರಾದರೂ ಹೇಳಿದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಗದರುತ್ತಿದ್ದರು. ಹೀಗಾಗಿ ಮೂರೂ ವಿಮಾನಗಳು ಸೈನ್ಯದ ಬೂದುಬಣ್ಣದಲ್ಲೇ ಮುಪ್ಪಾಗುತ್ತಿದ್ದವು.

ಈ ಮಿತವ್ಯಯದ ಭಾರವೆಲ್ಲ ಬೀಳುತ್ತಿದ್ದದ್ದು ಒಬ್ಬ ಮನುಷ್ಯನ ಎರಡು ಕೈಗಳ ಮೇಲೆ. ಅವರನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಆ ತಗಡಿನ ಶೆಡ್ಡಿನಲ್ಲಿ ವಿಮಾನಗಳನ್ನು ಬಿಚ್ಚಿ ಜೋಡಿಸುತ್ತ ಬಂದವರು. ರಿಪೇರಿಯಾದ ವಿಮಾನ ಹಾರಲು ಯೋಗ್ಯವೆಂದು ಪುಸ್ತಕದಲ್ಲಿ ರುಜು ಹಾಕುವ ಅಧಿಕಾರ ಆ ಕಂಪನಿಯಲ್ಲಿ ಅವರೊಬ್ಬರಿಗೇ ಇತ್ತು. ಸಾಹೇಬರು ಎಷ್ಟೇ ಯಜಮಾನರಾದರೂ ಮೇಸ್ತ್ರಿಯ ರುಜು ಬೀಳದೆ ಒಂದು ಗಾಲಿಯೂ ಉರುಳುವಂತಿರಲಿಲ್ಲ. ಆ ರುಜು ಕೂಡ ಅವರಂತೆಯೇ: ಗಿಡ್ಡ, ನೆಟ್ಟಗೆ, ಬಾಲ ಬಳುಕು ಇಲ್ಲದ್ದು.

ಹೊಸ ಬಿಡಿಭಾಗ ತರಿಸುವ ಶಕ್ತಿ ಕಂಪನಿಗೆ ಇರಲಿಲ್ಲ. ತರಿಸಿದರೂ ಅಂಥ ಭಾಗಗಳನ್ನು ಮಾಡುವ ಕಾರ್ಖಾನೆಗಳೇ ಮುಚ್ಚಿಹೋಗಿದ್ದವು. ಅಕ್ಕನಿಗೆ ಏನು ಬೇಕಾದರೂ ಅಜ್ಜಿಯ ಮೈಯಿಂದ ಬಿಚ್ಚಬೇಕು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುವುದು ಅಜ್ಜಿಯನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಆದರೆ ಬಿಚ್ಚುವುದಕ್ಕೆ ಮೇಸ್ತ್ರಿಯದೇ ಒಂದು ಕಟ್ಟಳೆಯಿತ್ತು: ಗುಂಡಿ ಖಾಲಿ ಬಿಡಬಾರದು. ಅಜ್ಜಿಯಿಂದ ಒಳ್ಳೆಯದನ್ನು ತೆಗೆದರೆ, ಅಕ್ಕನಿಂದ ಬಿಚ್ಚಿದ ಕೆಟ್ಟದ್ದನ್ನು ಅದೇ ಜಾಗದಲ್ಲಿ ಕೂರಿಸಿ ಎರಡು ಬೋಲ್ಟು ಬಿಗಿಯಬೇಕು. ಖಾಲಿ ಬಿಟ್ಟರೆ ಕಣಜ ಗೂಡು ಕಟ್ಟುತ್ತದೆ, ಧೂಳು ಹೊಕ್ಕು ಅಕ್ಕಪಕ್ಕದ ಒಳ್ಳೆಯ ಭಾಗವೂ ಕೆಡುತ್ತದೆ. ಹಾಗೆ ಕೂರಿಸಿದ ಕೆಟ್ಟ ಭಾಗಕ್ಕೆ ಕೆಂಪು ರಟ್ಟಿನ ಚೀಟಿಯೊಂದನ್ನು ತಂತಿಯಿಂದ ಕಟ್ಟಬೇಕು. ಶನಿವಾರ ಮಧ್ಯಾಹ್ನ ಎಲ್ಲ ಚೀಟಿಗಳನ್ನೂ ನೋಡುತ್ತ ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ವರ್ಷಗಳು ಉರುಳಿದಂತೆ ಅಜ್ಜಿಯ ಮೈತುಂಬ ಕೆಂಪು ಚೀಟಿಗಳು ಜೋತವು. ಗಾಳಿ ಬೀಸಿದಾಗ ಅವು ಪಟಪಟ ಬಡಿದುಕೊಳ್ಳುತ್ತಿದ್ದವು.

"ಅಜ್ಜಿಗೆ ದಡಾರ ಎದ್ದಿದೆ," ಎಂದು ನಗುತ್ತಿದ್ದರು ಟಿಕೆಟಮ್ಮ. ಟಿಕೆಟ್ ಹರಿಯುವುದು, ಮೂಟೆ ತೂಗುವುದು, ಹಾರುವ ವಿಮಾನದೊಡನೆ ರೇಡಿಯೋದಲ್ಲಿ ಮಾತಾಡುವುದು ಎಲ್ಲವೂ ಆ ಒಬ್ಬ ಹೆಂಗಸಿನ ಪಾಲಿನ ಕೆಲಸವಾಗಿತ್ತು.

"ದಡಾರ ಎದ್ದವರು ಉಳ್ಕೋತಾರೆ ಬಿಡಿ," ಎನ್ನುತ್ತಿದ್ದರು ಮೇಸ್ತ್ರಿ. ಆಗ ಅವರು ತಮಾಷೆ ಮಾಡುತ್ತಿದ್ದ ಕಾಲ.

ಆ ಕಾಲ ಮುಗಿದದ್ದು ಅವರ ಹೆಂಡತಿ ತೀರಿಕೊಂಡಾಗ. ಅಕ್ಕನ ಹತ್ತೊಂಬತ್ತು ಸೀಟಿಗೂ ಗವಸು ಹೊಲಿದುಕೊಟ್ಟ ಹೆಂಗಸು ಆಕೆ. ಮೂರು ದಿನದ ಜ್ವರ. ನಾಲ್ಕನೆಯ ದಿನ ಬೆಳಿಗ್ಗೆ ಇಲ್ಲ. ಮಕ್ಕಳಿರಲಿಲ್ಲ. ಮಣ್ಣು ಮಾಡಿದ ದಿನ ಮೇಸ್ತ್ರಿ ಅಳಲಿಲ್ಲ, ಮರುದಿನವೂ ಅಳಲಿಲ್ಲ. ಅತ್ತರೆ ಹಗುರವಾಗುತ್ತದೆ ಎಂದು ಬಂದವರೆಲ್ಲ ಹೇಳಿಹೋದರು. ಅವರಿಗೆ ಭಾರವೇ ಇರಲಿಲ್ಲ, ಹಗುರವಾಗುವುದು ಏನು? ಬಹಳ ಹೊತ್ತು ಕಾಲು ಮಡಚಿ ಕೂತವನ ಕಾಲು ಹೇಗೆ ತನ್ನದಲ್ಲವೆನಿಸುತ್ತದೆಯೋ ಹಾಗೆ ಅವರು ಇಡಿಯಾಗಿ ಮರಗಟ್ಟಿಹೋಗಿದ್ದರು. ತಟ್ಟೆಯಲ್ಲಿದ್ದದ್ದನ್ನು ಉಣ್ಣುತ್ತಿದ್ದರು; ಉಪ್ಪು ಕಡಿಮೆಯೋ ಹೆಚ್ಚೋ ತಿಳಿಯುತ್ತಿರಲಿಲ್ಲ. ಗೋಡೆಯ ಕಡೆಗಿನ ಅರ್ಧ ಹಾಸಿಗೆಯಲ್ಲಿ ಮಲಗುತ್ತಿದ್ದರು; ಇನ್ನರ್ಧದ ಹೊದಿಕೆ ಮಡಿಕೆ ಕೆಡದೆ ಹಾಗೆಯೇ ಇತ್ತು. ವಾರಕ್ಕೊಮ್ಮೆ ಪ್ರಾರ್ಥನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರ ತುಟಿ ಆಡಿದಾಗ ತಾವೂ ತುಟಿ ಆಡಿಸುತ್ತಿದ್ದರು. ಮಾತು ಮೇಲೆ ಹೋಗುತ್ತಿದೆ ಎಂದು ಅವರಿಗೆ ಅನಿಸುತ್ತಿರಲಿಲ್ಲ. ಹೋಗುತ್ತಿಲ್ಲ ಎಂಬ ದುಃಖವೂ ಆಗುತ್ತಿರಲಿಲ್ಲ. ಭಕ್ತಿ ಉಕ್ಕುವಾಗ ಕೈ ಮುಗಿಯುವುದು ಸುಲಭ. ಎದೆ ಒಣಗಿರುವಾಗಲೂ ಹೋಗಿ ಕೂತು ಬರುವವರಿದ್ದಾರಲ್ಲ, ಅವರ ಲೆಕ್ಕವನ್ನು ದೇವರು ಬೇರೆಯೇ ಇಟ್ಟಿರಬೇಕು.

ಉಳಿದದ್ದು ಕೆಲಸ ಒಂದೇ. ಬೆಳಿಗ್ಗೆ ಆರಕ್ಕೆ ಸೈಕಲ್ ತುಳಿದುಕೊಂಡು ಶೆಡ್ಡಿಗೆ ಬಂದರೆ ಕೈಗಳು ತಾವಾಗಿ ಸ್ಪ್ಯಾನರ್ ಹುಡುಕಿಕೊಳ್ಳುತ್ತಿದ್ದವು. ಸಂಜೆ ಪುಸ್ತಕದಲ್ಲಿ ರುಜು ಹಾಕಿದಾಗ ಮಾತ್ರ, ಈ ದಿನ ನಾನಿದ್ದೆ ಎಂಬುದಕ್ಕೆ ಒಂದು ಸಾಕ್ಷಿ ಸಿಕ್ಕಂತಾಗುತ್ತಿತ್ತು. ಆ ರುಜುವೂ ಹೋದರೆ ಆ ಮನುಷ್ಯನಲ್ಲಿ ಮಿಗುವುದೇನೂ ಇರಲಿಲ್ಲ. ಇದು ಸಾಹೇಬರಿಗೂ ಗೊತ್ತಿತ್ತು, ಟಿಕೆಟಮ್ಮನಿಗೂ ಗೊತ್ತಿತ್ತು.

ಹೀಗೆ ಹನ್ನೊಂದು ತಿಂಗಳು ಕಳೆಯಿತು.

ಹನ್ನೊಂದನೆಯ ತಿಂಗಳಲ್ಲಿ ಅಕ್ಕನ ಎಡಗಾಲಿನ ಬ್ರೇಕು ಸವೆದಿತ್ತು. ಮೇಸ್ತ್ರಿ ದಾಸ್ತಾನು ಪುಸ್ತಕ ತೆರೆದು ನೋಡಿದರು. ಅಜ್ಜಿಯ ಎಡಗಾಲಿನ ಬ್ರೇಕು ತೆಗೆದದ್ದಾಗಿ ಎಲ್ಲಿಯೂ ಬರೆದಿರಲಿಲ್ಲ. ಅಜ್ಜಿಯ ಕಾಲಬುಡದಲ್ಲಿ ಕೂತು ನೋಡಿದರು, ಕೆಂಪು ಚೀಟಿಯಿರಲಿಲ್ಲ. ಭಾಗ ಯಾವ ವಿಮಾನದ್ದೆಂದು ಹೇಳುವ ಅಂಕಿಯ ತಗಡು ಸೈನ್ಯದ ಬಣ್ಣದಡಿ ಹೂತುಹೋಗಿತ್ತು. ಚೀಟಿ ಇಲ್ಲವೆಂದರೆ ಒಳ್ಳೆಯದು ಎಂಬುದು ಅವರೇ ಮಾಡಿದ ನಿಯಮ. ಬ್ರೇಕನ್ನು ಬಿಚ್ಚಿ, ತೊಳೆದು, ಮೇಜಿನ ಮೇಲೆ ಎಣ್ಣೆ ತುಂಬಿ ಒತ್ತಡ ಕೊಟ್ಟು ನೋಡಿದರು. ಒಂದು ಹನಿಯೂ ಸೋರಲಿಲ್ಲ. ಅಕ್ಕನಿಗೆ ಜೋಡಿಸಿ ರುಜು ಹಾಕಿದರು.

ಅದಾದ ನಾಲ್ಕನೆಯ ದಿನ ಮೇಸ್ತ್ರಿಗೆ ವಾರದ ರಜೆ. ಅವರ ನಾದಿನಿ, ಎಂದರೆ ತೀರಿಕೊಂಡ ಹೆಂಡತಿಯ ತಂಗಿ, ತಿಂಗಳಿಗೊಮ್ಮೆ ಬಂದು ಮನೆ ಒಪ್ಪ ಮಾಡಿ ಹೋಗುತ್ತಿದ್ದಳು. ಅಂದು ಬೆಳಿಗ್ಗೆ ಒಂಬತ್ತಕ್ಕೇ ಬಂದು ಬೀರು ತೆರೆದು ಕೂತಿದ್ದಳು. ಮೇಸ್ತ್ರಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು.

"ಭಾವ, ಈ ಕಪ್ಪು ಕೋಟು ಇನ್ನೇನ್ ಹಾಕ್ತೀರಾ? ಬಡವರಿಗಾದ್ರೂ ಕೊಡೋಣ. ನುಸಿ ಅರ್ಧ ತಿಂದಿದೆ, ಮಿಕ್ಕಿದ್ದನ್ನ ಮನುಷ್ಯರು ಹಾಕ್ಕೊಳ್ಲಿ."

"ಕೊಡು."

"ಕೊಡು ಅಂದ್ರೆ ಆಗೋಯ್ತಾ? ಜೇಬಲ್ಲಿ ಏನಿದೆ ನೋಡ್ಬೇಡ್ವಾ? ಅಕ್ಕ ಇದ್ದಿದ್ರೆ ಬೈದಿರೋಳು. ಇಗೋ, ಒಂದು ಕರ್ಚೀಫು. ಇದೇನಿದು ಕೆಂಪು ಚೀಟಿ, ತಂತಿ ಬೇರೆ ಇದೆ! ಲಾಂಡ್ರಿಯವನ್ದಾ?"

ಮೇಸ್ತ್ರಿ ಕೈಚಾಚಿ ಅದನ್ನು ಇಸಿದುಕೊಂಡರು. ಅವರದೇ ಅಕ್ಷರ. 'ಎಡ ಬ್ರೇಕು. ಕವಚದಲ್ಲಿ ಕೂದಲೆಳೆಯ ಬಿರುಕು. ತಣ್ಣಗಿದ್ದಾಗ ತೋರದು, ಬಿಸಿಯಾದರೆ ಸೋರುತ್ತದೆ. ಬಳಸಬಾರದು.' ಕೆಳಗೆ ತಾರೀಖು. ಹೆಂಡತಿಯನ್ನು ಮಣ್ಣು ಮಾಡಿದ ದಿನದ ತಾರೀಖು ಅದು.

ಅಂದು ಶೆಡ್ಡಿಗೆ ಹೋಗಿದ್ದ ನೆನಪು ಅವರಿಗಿರಲಿಲ್ಲ. ಆದರೆ ಚೀಟಿ ಹೇಳುವುದು ಸ್ಪಷ್ಟವಾಗಿತ್ತು. ಅಂದು ಅಕ್ಕನ ಸೋರುವ ಬ್ರೇಕನ್ನು ಬಿಚ್ಚಿದ್ದಾರೆ, ಅಜ್ಜಿಯ ಒಳ್ಳೆಯ ಬ್ರೇಕನ್ನು ಅಕ್ಕನಿಗೆ ಹಾಕಿದ್ದಾರೆ, ಗುಂಡಿ ಖಾಲಿ ಬಿಡಬಾರದೆಂದು ಕೆಟ್ಟದ್ದನ್ನು ಅಜ್ಜಿಗೆ ಕೂರಿಸಿದ್ದಾರೆ, ಚೀಟಿ ಬರೆದಿದ್ದಾರೆ, ಕಟ್ಟುವ ಬದಲು ಜೇಬಿಗೆ ಹಾಕಿಕೊಂಡಿದ್ದಾರೆ. ಚೀಟಿ ಕಟ್ಟದಿದ್ದದ್ದರಿಂದ ಶನಿವಾರದ ಪುಸ್ತಕಕ್ಕೂ ಅದು ಏರಲಿಲ್ಲ. ಹನ್ನೊಂದು ತಿಂಗಳ ಮೇಲೆ ಅದೇ ಕೆಟ್ಟ ಬ್ರೇಕನ್ನು ಒಳ್ಳೆಯದೆಂದು ಬಿಚ್ಚಿ, ಮರಳಿ ಅಕ್ಕನ ಕಾಲಿಗೇ ಹಾಕಿದ್ದಾರೆ.

ಈ ನಾಲ್ಕು ದಿನ ಅಕ್ಕ ಇಳಿದದ್ದೆಲ್ಲ ಉದ್ದನೆಯ ರನ್‌ವೇಗಳಲ್ಲಿ. ಅಲ್ಲಿ ಬ್ರೇಕು ಬಿಸಿಯಾಗುವ ಪ್ರಮೇಯವೇ ಇಲ್ಲ. ಆದರೆ ಇಂದು ವಾರಕ್ಕೊಮ್ಮೆ ದ್ವೀಪಕ್ಕೆ ಹೋಗುವ ದಿನ. ದ್ವೀಪದ ರನ್‌ವೇ ಗಿಡ್ಡ. ಗಾಲಿ ಊರಿದ ಕೂಡಲೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು. ಕೊನೆಯಲ್ಲಿ ಕಲ್ಲಿನ ಒಡ್ಡು, ಅದರಾಚೆ ಸಮುದ್ರ. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಲವತ್ತಾಗಿತ್ತು. ಅಕ್ಕ ಅಲ್ಲಿ ಇಳಿಯುವುದು ಹತ್ತಕ್ಕೆ.

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಗಾಬರಿ ಎಂಬುದು ಎಲ್ಲೋ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದಂತೆ ಇತ್ತು. ಆದರೆ ಕೈ ಆಗಲೇ ಫೋನು ಎತ್ತಿಕೊಂಡಿತ್ತು.

"ಟಿಕೆಟಮ್ಮ, ಅಕ್ಕ ಎಲ್ಲಿದಾಳೆ?"

"ಎಲ್ಲಿರ್ತಾಳೆ, ಆಕಾಶದಲ್ಲಿ. ರಜಾ ದಿನಾನೂ ನಮ್ಮನ್ನ ಬಿಡಲ್ವಲ್ಲ ನೀವು!"

"ಸಾಹೇಬ್ರಿಗೆ ಹೇಳಿ, ದ್ವೀಪದಲ್ಲಿ ಇಳಿಸೋದು ಬೇಡ. ವಾಪಸ್ ಇಲ್ಲಿಗೇ ಬರ್ಲಿ. ಎಡಗಡೆ ಬ್ರೇಕು ನಂಬೋ ಹಾಗಿಲ್ಲ. ಫ್ಯಾನು ಹಿಂದಕ್ಕೆ ತಿರುಗಿಸಿ ನಿಲ್ಲಿಸ್ಲಿ, ಬ್ರೇಕು ಮುಟ್ಟೋದೇ ಬೇಡ."

"ಮೇಸ್ತ್ರಿ, ನೀವು ಹುಷಾರಾಗಿದೀರ ತಾನೆ? ಏನಂತ ಹೇಳ್ಲಿ ಅವ್ರಿಗೆ? ಸಣ್ಣ ಅನುಮಾನ ಅಂತ ಹೇಳ್ಲಾ?"

"ಅನುಮಾನ ಅಲ್ಲ. ಮೇಸ್ತ್ರಿ ಕೆಟ್ಟ ಬ್ರೇಕು ಹಾಕಿ ರುಜು ಮಾಡಿದಾನೆ ಅನ್ನಿ. ಬೇಗ."

ನಾದಿನಿ ಕೋಟನ್ನು ಎದೆಗವಚಿಕೊಂಡು ನಿಂತಿದ್ದಳು. ಮೇಸ್ತ್ರಿ ಮೆಟ್ಟಿಲಿಳಿದು ಸೈಕಲ್ ಹತ್ತಿದರು.

ಅವರು ವಿಮಾನ ಇಳಿಯುವ ಬಯಲಿನ ಬೇಲಿ ತಲುಪುವ ಹೊತ್ತಿಗೆ ಅಕ್ಕ ಇಳಿಯುತ್ತಿದ್ದಳು. ಗಾಲಿ ನೆಲಕ್ಕೆ ಸೋಕಿತು. ಫ್ಯಾನುಗಳು ಹಿಂದಕ್ಕೆ ಎಳೆದುಕೊಂಡು ಅರಚಿದವು. ಬ್ರೇಕು ಮುಟ್ಟದ ವಿಮಾನ ಓಡಿತು, ಓಡಿತು, ರನ್‌ವೇಯ ಕೊನೆಯ ಬಿಳಿ ಗೆರೆ ದಾಟಿ ಹುಲ್ಲಿನ ಅಂಚಿನಲ್ಲಿ ನಿಂತಿತು. ಬಾಗಿಲು ತೆರೆದು ಹದಿನೇಳು ಜನ ಇಳಿದರು. ಬುಟ್ಟಿ ಹಿಡಿದ ಮುದುಕನೊಬ್ಬ, "ಬಸ್ಸಾಗಿದ್ರೆ ತಳ್ಕೊಂಡಾದ್ರೂ ಹೋಗ್ತಿದ್ವಿ! ಇದನ್ನ ಎಲ್ಲಿಂದ ತಳ್ಳೋದು?" ಎಂದು ಕೂಗಾಡುತ್ತಿದ್ದ. ಅವನ ಹಿಂದೆ ಒಬ್ಬ ತಾಯಿ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದುಬಂದಳು. ಮೇಸ್ತ್ರಿ ಬೇಲಿಯ ತಂತಿ ಹಿಡಿದು ಅವರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿದರು. ಹದಿನೇಳು. ಸಮಾಧಾನ ಬರಬೇಕಾದ ಜಾಗದಲ್ಲಿ ಆ ಸಂಖ್ಯೆ ಮಾತ್ರ ಬಂದು ನಿಂತಿತು.

ಶೆಡ್ಡಿನೊಳಗೆ ಸಾಹೇಬರು ಅಕ್ಕನ ಎಡಗಾಲಿನ ಬಳಿ ಬಗ್ಗಿ ಬೆರಳಾಡಿಸಿದರು. "ಒಂದು ಹನಿ ಇಲ್ವಲ್ಲಯ್ಯ! ಒಣಗಿ ಕೂತಿದೆ."

ಮೇಸ್ತ್ರಿ ಚೀಟಿಯನ್ನು ಅವರ ಕೈಗಿತ್ತು, ಬ್ರೇಕನ್ನು ಬಿಚ್ಚಿ ಮೇಜಿಗೆ ತಂದರು. ಎಣ್ಣೆಗೆ ಒತ್ತಡ ಕೊಟ್ಟರು. ಏನೂ ಇಲ್ಲ. ಉರಿಯ ದೀಪ ಹಚ್ಚಿ ಕವಚವನ್ನು ಮೆಲ್ಲಗೆ ಕಾಯಿಸತೊಡಗಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೆ ಈ ಹುಣ್ಣು ಬಿಸಿಯಾದಾಗ ಮಾತ್ರ ಕಾಣುವಂಥದ್ದು. ಸಾಹೇಬರೂ ಟಿಕೆಟಮ್ಮನೂ ಮೇಜಿನತ್ತ ಬಗ್ಗಿ ನಿಂತರು. ಆರೇಳು ನಿಮಿಷದ ಮೇಲೆ ಬೂದುಬಣ್ಣದ ಮೇಲೊಂದು ಕೂದಲಿನಂಥ ಗೆರೆ ಮೂಡಿತು. ಆ ಗೆರೆಯಲ್ಲಿ ಒಂದು ಹನಿ ಕೂತಿತು, ದಪ್ಪವಾಯಿತು, ಜಾರಿತು. ಆಮೇಲೆ ಹನಿಗಳು ಎಣಿಕೆಗೆ ಸಿಗಲಿಲ್ಲ.

ಟಿಕೆಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. "ಸರಿ, ದೇವರು ದೊಡ್ಡವನು. ತಂಗಿಯ ಬ್ರೇಕು ಬಿಚ್ಚಿ ಇವಳಿಗೆ ಹಾಕು. ಪುಸ್ತಕದಲ್ಲಿ ಬ್ರೇಕು ಬದಲಾಯಿಸಿದೆ ಅಂತ ಬರಿ. ಅದು ಸುಳ್ಳೇನಲ್ವಲ್ಲ. ನಾಳೆ ಬೆಳಿಗ್ಗೆ ದ್ವೀಪದವರನ್ನ ಕರ್ಕೊಂಡು ಹೋಗ್ತೀನಿ," ಎಂದರು.

ಮೇಸ್ತ್ರಿ ಅಕ್ಕನ ಪುಸ್ತಕವನ್ನು ತೆರೆದು ಚೀಟಿಯಲ್ಲಿದ್ದ ತಾರೀಖಿನ ಪುಟ ತೋರಿಸಿದರು. 'ಎಡ ಬ್ರೇಕು ಸರಿಪಡಿಸಲಾಗಿದೆ.' ಕೆಳಗೆ ಗಿಡ್ಡನೆಯ, ನೆಟ್ಟಗಿನ ರುಜು.

"ಇದು ನಾನು ಬರೆದಿದ್ದು ಸಾಹೇಬ್ರೆ. ಬರೆದ ನೆನಪಿಲ್ಲ."

"ಆ ದಿನ ಯಾರಿಗೆ ತಾನೆ ನೆನಪಿರುತ್ತೆ? ಮನುಷ್ಯ ತಾನೆ ನೀನೂ?"

"ಆ ದಿನ ಒಂದೇ ಅಲ್ಲ." ಮೇಸ್ತ್ರಿ ಒಂದೊಂದೇ ಪುಟ ಮಗುಚಿದರು. "ಇದೂ ನೆನಪಿಲ್ಲ. ಇದೂ ಇಲ್ಲ. ಈ ಪುಟದ ತನಕ ಯಾವುದೂ ಇಲ್ಲ. ನಲವತ್ತು ದಿನ. ಮೂವತ್ತೊಂದು ರುಜು ಇದೆ. ಒಂದು ತಪ್ಪು ಸಿಕ್ತು. ಇನ್ನು ಮೂವತ್ತು ಹೇಗಿದೆ ಅಂತ ನಂಗೆ ಗೊತ್ತಿಲ್ಲ."

"ಹನ್ನೊಂದು ತಿಂಗಳಿಂದ ಹಾರ್ತಿದಾಳಲ್ಲಯ್ಯ, ಏನೂ ಆಗಿಲ್ವಲ್ಲ!"

"ಬ್ರೇಕಿಗೂ ನಾಲ್ಕು ದಿನ ಏನೂ ಆಗಿರ್ಲಿಲ್ಲ."

ಸಾಹೇಬರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ಎಲ್ಲಾ ಬಿಚ್ಚಿ ನೋಡ್ಬೇಕು ಅಂತೀಯ? ತಂಗಿಗೆ ಎಂಜಿನ್ ಇಲ್ಲ. ಅಕ್ಕ ಕೂತ್ರೆ ಕಂಪನಿ ಕೂತ್ಹಾಗೆ. ಇನ್‌ಸ್ಪೆಕ್ಟರಿಗೆ ತಿಳಿಸಿದ್ರೆ ಮೊದಲು ಹೋಗೋದು ನಿನ್ನ ರುಜು. ಅದು ಗೊತ್ತಿದೆಯೇನೋ ನಿಂಗೆ? ಬಾಯಿ ಮುಚ್ಕೊಂಡಿದ್ರೆ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ನೀನೇ ಮೆತ್ತಗೆ ಒಂದೊಂದಾಗಿ ನೋಡ್ಕೊಂಡು ಬಾ."

"ನೋಡೋದು ಯಾರು? ನಾನೇ ತಾನೆ?" ಎಂದರು ಮೇಸ್ತ್ರಿ. "ಚೀಟಿ ಇಲ್ದೆ ಇರೋದು ನೋಡಿ ಒಳ್ಳೇದು ಅಂದೋನು ನಾನೇ. ಈಗ್ಲೂ ನನ್ ಕಣ್ಣನ್ನ ನಾನು ನಂಬಲ್ಲ ಸಾಹೇಬ್ರೆ. ಬೇರೆಯವರ ಕಣ್ಣು ಬೇಕು."

"ರುಜು ಹೋದ್ರೆ ನೀನು ಏನಾಗ್ತೀಯೋ?" ಸಾಹೇಬರ ದನಿ ಇಳಿಯಿತು. ಅದು ಬೆದರಿಕೆಯಲ್ಲ. "ನಿಂಗೆ ಬೇರೆ ಏನಿದೆ?"

"ಏನೂ ಇಲ್ಲ," ಎಂದರು ಮೇಸ್ತ್ರಿ. ಹವಾಮಾನದ ವರದಿ ಓದಿದಷ್ಟು ನಿರ್ಲಿಪ್ತವಾಗಿ.

ಒಳ್ಳೆಯದನ್ನು ಮಾಡುವಾಗ ಒಳಗೊಂದು ದೀಪ ಹತ್ತಿಕೊಳ್ಳುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಯಾವಾಗಲೂ ಹತ್ತುವುದಿಲ್ಲ. ಆ ಮಧ್ಯಾಹ್ನ ಆ ಶೆಡ್ಡಿನಲ್ಲಿ ಅಂಥ ದೀಪವೇನೂ ಹತ್ತಲಿಲ್ಲ. ಧೈರ್ಯ ಬೇಕಾಗಲಿಲ್ಲ, ಏಕೆಂದರೆ ಭಯವಿರಲಿಲ್ಲ. ಪಶ್ಚಾತ್ತಾಪದ ಕಣ್ಣೀರೂ ಇರಲಿಲ್ಲ. ಒಂದು ಕೈ ಪೆನ್ನು ಹಿಡಿದು, ಗೆರೆ ಹಾಕಿದ ಕಾಗದದಲ್ಲಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾನು ಮಾಡಿದ ಯಾವ ಕೆಲಸಕ್ಕೂ ನಾನು ಹೊಣೆ ಹೊರಲಾರೆ ಎಂದು ಬರೆಯಿತು, ಅಷ್ಟೆ. ದೇವರು ಮನುಷ್ಯನ ಎದೆಗೆ ಬರಲಾಗದೆ ಹೋದಾಗ ಕೈಗೆ ಬಂದು ಕೂರುತ್ತಾನೇನೋ. ಆ ಕಾಗದವನ್ನು ಸಾಹೇಬರು ಎರಡು ಸಲ ಓದಿದರು. ಹರಿಯುವರೇನೋ ಎಂದುಕೊಂಡರು ಟಿಕೆಟಮ್ಮ. ಹರಿಯಲಿಲ್ಲ. "ನಿಂತ್ರೂ ಅನ್ನ ಕೇಳಲ್ಲ ಅಂತ ಬಾಯಿ ಬಡ್ಕೊಂಡೋನು ನಾನೇ. ಈಗ ನೋಡೇಬಿಡೋಣ, ಕೇಳುತ್ತೋ ಇಲ್ವೋ," ಎಂದು ಗೊಣಗುತ್ತ, ಇನ್‌ಸ್ಪೆಕ್ಟರಿಗೆ ತಾವೇ ಫೋನು ಹಚ್ಚಿದರು.

ಇನ್‌ಸ್ಪೆಕ್ಟರ್ ಬಂದು ಹೋದರು. ಮೇಸ್ತ್ರಿಯ ರುಜುವಿನ ಅಧಿಕಾರವನ್ನು ತಡೆಹಿಡಿದರು. ಮರಳಿ ಕೊಡುವುದೋ ಬಿಡುವುದೋ ಆರು ತಿಂಗಳ ಮೇಲೆ ನೋಡೋಣ ಎಂದರು. ಅಕ್ಕನನ್ನು ಶೆಡ್ಡಿನ ನಡುವೆ ನಿಲ್ಲಿಸಲಾಯಿತು. ದ್ವೀಪದವರು ದೋಣಿ ಹಿಡಿದರು. ಬೇರೊಂದು ಊರಿನಿಂದ, ದಿನಕ್ಕಿಷ್ಟು ಎಂದು ಮಾತಾಡಿ, ಎಂಜಿನಿಯರ್ ಒಬ್ಬಾಕೆಯನ್ನು ಕರೆಸಿದರು. ನಡುವಯಸ್ಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು, ಮಾತು ಕಡಿಮೆ. ಮೂವತ್ತೊಂದು ಕೆಲಸಗಳ ಪಟ್ಟಿ ಅವರ ಕೈಯಲ್ಲಿ. ಸ್ಪ್ಯಾನರಿನ ಪೆಟ್ಟಿಗೆ ಮೇಸ್ತ್ರಿಯ ಕೈಯಲ್ಲಿ. ಇಪ್ಪತ್ತಾರು ವರ್ಷ ಆಳಿದ ಶೆಡ್ಡಿನಲ್ಲಿ ಅವರು ಈಗ ಕೈಯಾಳು.

"ನಿಮಗೆ ಬೇಸರ ಇಲ್ಲ ತಾನೆ?" ಎಂದು ಆಕೆ ಮೊದಲ ದಿನ ಕೇಳಿದರು.

"ಇಲ್ಲಮ್ಮ," ಎಂದರು ಮೇಸ್ತ್ರಿ. ನಿಜವಾಗಿಯೂ ಇರಲಿಲ್ಲ.

ಹದಿನೇಳು ದಿನ ಬಿಚ್ಚಿದರು. ರೆಕ್ಕೆಯ ಕೆಳಗಿನ ಮುಚ್ಚಳಗಳು, ಬಾಲದ ತಂತಿಗಳು, ಇಂಧನದ ಕೊಳವೆಗಳ ಕೀಲುಗಳು. ಒಂದೊಂದು ಮುಚ್ಚಳ ತೆಗೆದಾಗಲೂ ಒಳಗೆ ನಲವತ್ತು ದಿನಗಳ ಯಾವುದೋ ಒಂದು ದಿನ ಸಿಗುತ್ತಿತ್ತು. ಮೇಸ್ತ್ರಿ ಇಣುಕಿ ನೋಡುತ್ತಿದ್ದರು. ಬೋಲ್ಟು ಬಿಗಿಯಾಗಿದೆ. ಬೋಲ್ಟು ಸಡಿಲಾಗದಂತೆ ಸುತ್ತಿದ ತಂತಿ ಒಂದೇ ಸಮನಾಗಿದೆ, ಜಡೆ ಹೆಣೆದ ಹಾಗೆ. ಕೊಳವೆಯ ಸಂದಿಗೆ ಹಚ್ಚಿದ ಗ್ರೀಸನ್ನು ಬೆರಳಿನಿಂದ ಒರೆಸಿ ಅಂಚು ಚೊಕ್ಕಟ ಮಾಡಿದ ಗುರುತಿದೆ. ಯಾರೋ ಒಬ್ಬ ಮನುಷ್ಯ ಇಲ್ಲಿಗೆಲ್ಲ ಬಂದು, ಮೊಣಕಾಲೂರಿ ಕೂತು, ಇಷ್ಟನ್ನೆಲ್ಲ ಮಾಡಿ ಹೋಗಿದ್ದಾನೆ. ಅವನ ಪರಿಚಯ ಮೇಸ್ತ್ರಿಗಿರಲಿಲ್ಲ.

ಹನ್ನೆರಡನೆಯ ದಿನ, ಬಾಲದ ತುದಿಯ ಇಕ್ಕಟ್ಟಿನಲ್ಲಿ ತಲೆ ತೂರಿಸಿದ್ದ ಎಂಜಿನಿಯರಮ್ಮ ಒಳಗಿನಿಂದಲೇ ಕೇಳಿದರು. "ಈ ತಂತಿ ಸುತ್ತಿದೋರು ಯಾರು?"

"ಯಾಕಮ್ಮ, ತಪ್ಪಿದೆಯಾ?"

"ತಪ್ಪಿಲ್ಲ. ಇಷ್ಟು ಇಕ್ಕಟ್ಟಲ್ಲಿ ಇಷ್ಟು ಅಂದವಾಗಿ ಯಾರೂ ಸುತ್ತಲ್ಲ. ಯಾರ ಕಣ್ಣಿಗೂ ಬೀಳೋ ಜಾಗ ಅಲ್ಲ ಇದು. ಯಾರು ಮಾಡಿದ್ದು?"

"ಗೊತ್ತಿಲ್ಲಮ್ಮ," ಎಂದರು ಮೇಸ್ತ್ರಿ. ಆಮೇಲೆ ಕೈಯಲ್ಲಿದ್ದ ಪಟ್ಟಿ ನೋಡಿದರು. ತಾರೀಖು ನೋಡಿದರು. ಹೆಂಡತಿ ಹೋದ ಒಂಬತ್ತನೆಯ ದಿನ. "ನಾನೇ," ಎಂದರು.

ಮೂವತ್ತೊಂದರಲ್ಲಿ ಮೂವತ್ತು ಸರಿಯಿದ್ದವು. ಎಂಜಿನಿಯರಮ್ಮ ತಮ್ಮ ರುಜು ಹಾಕಿ, ಲೆಕ್ಕ ಮುಗಿಸಿ ಹೊರಟುಹೋದರು. ಅಕ್ಕ ಮತ್ತೆ ಹಾರಿದಳು. ತಿಂಗಳಿಗೆ ಎರಡು ಬಾರಿ ಬಂದು ರುಜು ಹಾಕಿಹೋಗಲು ಆಕೆಯನ್ನೇ ಸಾಹೇಬರು ಒಪ್ಪಿಸಿದರು. ಅದಕ್ಕಾಗಿ ವಾರದ ಹಾರಾಟಗಳನ್ನು ಅರ್ಧಕ್ಕಿಳಿಸಿದರು. "ಹಾರದಿದ್ರೆ ರೆಕ್ಕೆ ಒರೆಸ್ತೀವಿ ಅಂದಿದ್ದೆ. ತಗೋ, ಬಟ್ಟೆ," ಎಂದು ಮೇಸ್ತ್ರಿಯ ಕೈಗೆ ಒರೆಸುವ ಬಟ್ಟೆ ಎಸೆದರು. ಮೂವತ್ತು ಸರಿಯಿದ್ದವಲ್ಲ, ಸುಮ್ಮನೆ ಹದಿನೇಳು ದಿನ ಕಳೆದೆವಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಅದನ್ನು ಅವರ ದೊಡ್ಡತನವೆಂದೇ ಹೇಳಬೇಕು.

ಅದರ ಮುಂದಿನ ರಜೆಯ ದಿನ ನಾದಿನಿ ಬಂದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳ ಹಿಂದೆ ಬಾಗಿಲ ಬಳಿ ಮೇಸ್ತ್ರಿ ಬಂದು ನಿಂತರು.

"ಏನ್ ಭಾವ, ಕಾಫಿ ಬೇಕಾ?"

"ಬೇಡ. ಅವತ್ತು ಏನೇನಾಯ್ತು, ಹೇಳು."

"ಯಾವತ್ತು?"

"ಅವಳನ್ನ ಮಣ್ಣು ಮಾಡಿದ ದಿನ. ಬೆಳಿಗ್ಗೆಯಿಂದ ಹೇಳು. ನಂಗೆ ಗೊತ್ತಿಲ್ಲ."

ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. ತಿರುಗಿ ಅವರ ಮುಖ ನೋಡಿದಳು; ತಮಾಷೆಯಲ್ಲ ಎಂದು ತಿಳಿಯಿತು. ಮಣೆಯ ಮೇಲೆ ಕೂತಳು. ಅವರೂ ಎದುರಿಗೆ ನೆಲದಲ್ಲೇ ಕೂತರು.

"ಬೆಳಿಗ್ಗೆ ಐದಕ್ಕೇ ಎದ್ದು ನೀವು ಮನೆ ಗುಡಿಸಿದ್ರಿ," ಎಂದು ಅವಳು ಶುರುಮಾಡಿದಳು. "ಯಾರೂ ಹೇಳಿರ್ಲಿಲ್ಲ. ಮೂಲೆ ಮೂಲೆ ಗುಡಿಸಿದ್ರಿ. ಜನ ಬಂದಾಗ ಒಬ್ಬೊಬ್ಬರಿಗೂ ಕುರ್ಚಿ ಹಾಕಿದ್ರಿ. ಅವಳ ಕಾಲಿಗೆ ಕಾಲುಚೀಲ ನೀವೇ ಹಾಕಿದ್ರಿ, ಚಳಿ ಅಂತ. ಬಲಗಾಲಿನದು ಸ್ವಲ್ಪ ಹರಿದಿತ್ತು, ಬಿಚ್ಚಿ ಬೇರೆ ತಂದು ಹಾಕಿದ್ರಿ."

"ಹೂಂ."

"ಅಲ್ಲಿ ಮಣ್ಣು ಮುಚ್ಚೋವಾಗ ಗುಂಡಿ ತೋಡೋನ ಗುದ್ದಲಿ ಕಾವು ಅಲ್ಲಾಡ್ತಿತ್ತು. ನೀವು ಅವನ ಕೈಯಿಂದ ಇಸ್ಕೊಂಡು, ಒಂದು ಚಕ್ಕೆ ಕಟ್ಟಿಗೆ ಹುಡುಕಿ, ಕಲ್ಲಲ್ಲಿ ಬಡಿದು ಬಿಗಿ ಮಾಡಿ ಕೊಟ್ರಿ. ಜನ ಎಲ್ಲಾ ನೋಡ್ತಾ ನಿಂತಿದ್ರು. ಇವರು ಇಲ್ಲೂ ರಿಪೇರಿ ಬಿಡಲ್ವಾ ಅಂತ ನಮ್ಮನೆಯವರು ಅಂದ್ರು." ಅವಳು ನಕ್ಕಳು, ನಗು ನಡುವೆಯೇ ಒಡೆದು ಬೇರೆಯಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಮೇಲೆ ಮನೆಗೆ ಬರ್ದೆ, ನಾಳೆ ಬೆಳಿಗ್ಗೆ ವಿಮಾನ ಇದೆ, ಬ್ರೇಕು ಸೋರ್ತಿದೆ, ಜನ ಕೂತ್ಕೋತಾರೆ ಅಂತ ಹೇಳಿ ಸೀದಾ ಶೆಡ್ಡಿಗೆ ಹೋದ್ರಿ. ಅದೇ ಕೋಟಲ್ಲಿ. ನಂಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ ಭಾವ? ಅಕ್ಕನ ಮೇಲಿನ ಮಣ್ಣು ಆರೋಕ್ ಮುಂಚೆ ಕೆಲಸಕ್ಕೆ ಹೋದ್ರಲ್ಲ, ಇವರದ್ದೇನು ಎದೆಯಾ ಕಲ್ಲಾ ಅಂತ. ಇಷ್ಟು ದಿನಾನೂ ಅದೇ ಸಿಟ್ಟು ಇಟ್ಕೊಂಡೇ ನಿಮ್ಮ ಪಾತ್ರೆ ತೊಳ್ದಿದೀನಿ."

"ಸಿಟ್ಟು ಸರಿಯಾಗೇ ಇದೆ," ಎಂದರು ಮೇಸ್ತ್ರಿ.

ಅವರು ತಮ್ಮ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. ಎದೆಯಲ್ಲಿ ಈಗಲೂ ಏನೂ ಇರಲಿಲ್ಲ. ಕಾಲು ಜೋಮು ಬಿಡುವ ಮೊದಲು ಎಲ್ಲೋ ಒಂದು ಕಡೆ ಸೂಜಿ ಚುಚ್ಚಿದಂತಾಗುತ್ತದಲ್ಲ, ಅಷ್ಟೇ ಒಂದು ಚುಚ್ಚು, ಅದೂ ಬಂದದ್ದು ಹೌದೋ ಅಲ್ಲವೋ.

"ಆ ಕಾಲುಚೀಲ," ಎಂದರು. "ಬೇರೆ ತಂದು ಹಾಕಿದ್ದು. ಯಾವ ಬಣ್ಣ?"

"ನೀಲಿ, ಭಾವ."

ಅವರು ತಲೆಯಾಡಿಸಿದರು.

"ಹೇಳು," ಎಂದರು ಮೇಸ್ತ್ರಿ. "ಜ್ವರ ಬಂದ ಮೊದಲನೇ ದಿನದಿಂದ ಹೇಳು."